ಲಿಂಗಸುಗೂರಿನ ಬಿಸಿಲಿಗೊಂದು ಅಗ್ಗಿಷ್ಟಿಕೆ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಿಂಗಸುಗೂರಿನಲ್ಲಿ ದಂಡು ಬೀಡುಬಿಟ್ಟಿದ್ದಾಗ ಯಾರೋ ಇಂಗ್ಲಿಷ್ ಸಾಹೇಬ ಕಟ್ಟಿಸಿದ ಕಲ್ಲಿನ ಮನೆಗೆ ನಾನು ಸೊಸೆಯಾಗಿ ಬಂದವಳು. ಗೋಡೆಗಳು ಎಷ್ಟು ದಪ್ಪವೆಂದರೆ ಮೊಬೈಲ್ ಸಿಗ್ನಲ್ ಕೂಡ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಕಮಾನುಗಳ ವರಾಂಡ, ಆನೆ ಸೊಂಡಿಲೆತ್ತಿದರೂ ತಾಗದ ಸೂರು, ನಡುಮನೆಯಲ್ಲೊಂದು ಅಗ್ಗಿಷ್ಟಿಕೆ. ಹೌದು, ಚಳಿ ಕಾಯಿಸುವ ಒಲೆ. ಲಿಂಗಸುಗೂರಿನಲ್ಲಿ! ಸಾಹೇಬ ನಮ್ಮ ಬಿಸಿಲು ಕಾಣುವ ಮೊದಲೇ ನಕ್ಷೆ ಬರೆಸಿರಬೇಕು.

ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಅನುಮತಿ ಇಲ್ಲದೆ ಒಂದು ಮೊಳೆ ಹೊಡೆಯುವಂತಿಲ್ಲ. ಸಿಂಧನೂರಿನಲ್ಲಿ ಅಕ್ಕಿ ವ್ಯಾಪಾರ ಮಾಡುವ ನನ್ನ ಯಜಮಾನ ಶರಣಪ್ಪನವರ ಕಣ್ಣು ಮಾತ್ರ ಆ ಒಲೆಯ ಮೇಲೆ.

"ಬರೇ ತೋರಿಕಿ, ದಿಖಾವಾ ಐತಿ ಅದು. ಮುಚ್ಚಿಬಿಟ್ಟು ದೊಡ್ಡ ಟಿವಿ ಹಾಕೂಣು."

"ಒಂದು ಕಲ್ಲು ಮುಟ್ರಿ ನೋಡೂಣು!" ಎಂದೆ.

ನಾನು ಮಸ್ಕಿಯಲ್ಲಿ ಇತಿಹಾಸದ ಮೇಷ್ಟ್ರಮ್ಮ. ಅಶೋಕನ ಶಾಸನವಿರುವ ಊರಿನಲ್ಲಿ ಪಾಠ ಹೇಳುವವಳು ಕಲ್ಲಿನ ವಿಷಯದಲ್ಲಿ ಸೋಲುವುದುಂಟೆ?

ಯಜಮಾನರು ಸುಮ್ಮನಾಗಲಿಲ್ಲ. ಮುಚ್ಚಲು ಅನುಮತಿ ಕೇಳಿಯೇಬಿಟ್ಟರು. ಬೇಸಿಗೆಯ ಒಂದು ಉರಿ ಮಧ್ಯಾಹ್ನ ದೇಸಾಯಿ ಎಂಬ ಅಧಿಕಾರಿ ಪರಿಶೀಲನೆಗೆ ಬಂದರು. ಒಲೆಯೊಳಗೆ ತಲೆ ತೂರಿಸಿ ಮೇಲೆ ನೋಡಿದರು.

"ಬೆಳಕ ಕಾಣವಲ್ದು. ಹೊಗಿ ಹೋಗಾಕ ಕೊಳವೀನ ಇಲ್ಲಂತ ಕಾಣ್ತೈತಿ. ಇದು ಸಾಹೇಬನ ಕಾಲದ್ದಲ್ಲ, ಆಮ್ಯಾಲೆ ಯಾರೋ ಚಂದಕ್ಕ ಕಟ್ಸ್ಯಾರ. ಹಂಗಿದ್ರ ಮುಚ್ಚಾಕ ಅಡ್ಡಿ ಇಲ್ರಿ."

ಯಜಮಾನರ ಮುಖದಲ್ಲಿ ಆಗಲೇ ಟಿವಿ ಹೊತ್ತಿಕೊಂಡಿತು. ನನ್ನ ಮೈಯಲ್ಲಿ ಬೆಂಕಿ.

"ಹಚ್ಚಿ ತೋರಸ್ತೀನ್ರಿ ಸಾಹೇಬ್ರ! ಹೊಗಿ ಮ್ಯಾಲೆ ಹೋತಂದ್ರ ಒಲಿ ಉಳೀಬೇಕು. ಹೋಗಲಿಲ್ಲಂದ್ರ ನಾನ ನಿಂತು ಮುಚ್ಚಸ್ತೀನಿ."

"ಈ ಬಿಸಿಲಾಗ? ತಲಿ ಕೆಟ್ಟೈತೇನ್ ನಿನಗ?" ಎಂದರು ಯಜಮಾನರು.

ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಕೊಟ್ಟೆ. ಹೊಗೆ ಮೇಲೆ ಹೋಗಿ, ಏನನ್ನೋ ವಿಚಾರಿಸಿ, ನಡುಮನೆಗೇ ಮರಳಿ ಬಂತು. ಮೂವರೂ ಕೆಮ್ಮಿದೆವು.

"ಇಂಗ್ಲಿಷ್ ಕೊಳವಿರೀ. ನಿಧಾನಕ ಎಳೀತೈತಿ," ಎಂದೆ, ಕಣ್ಣೊರೆಸಿಕೊಳ್ಳುತ್ತ.

ಅಷ್ಟರಲ್ಲಿ ಮೇಲಿಂದ 'ಗುಂಯ್' ಎಂದು ಸದ್ದು ಬಂತು. ನಾನು ಕುಣಿದಾಡಿದೆ.

"ಕೇಳ್ರಿ! ಗಾಳಿ ಎಳ್ಯಾಕತ್ತೈತಿ!"

ಅದು ಗಾಳಿಯಾಗಿರಲಿಲ್ಲ. ಜೇನು!

ಕೊಳವೆಗೆ ಬಿರಡೆಯಂತೆ ಕಟ್ಟಿಕೊಂಡಿದ್ದ ಜೇನುಹುಟ್ಟು ದಪ್ಪೆಂದು ಬೆಂಕಿಗೇ ಬಿತ್ತು. ದೇಸಾಯಿಯವರು ಕಡತವನ್ನು ತಲೆಯ ಮೇಲಿಟ್ಟುಕೊಂಡು ಪಾರಂಪರಿಕ ಕಿಟಕಿಯಿಂದಲೇ ಹೊರಗೆ ಹಾರಿದರು. ಯಜಮಾನರು ಕಂಬಳಿ ಹೊದ್ದು ಓಡಿದರು. ನಾನು ಓಡಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ.

"ಇದು ನನ್ನ ಮನಿ! ನಾ ಯಾಕ ಹೊರಗ ಹೋಗ್ಲಿ?"

ಮೊದಲನೆಯದು ಮೂಗಿಗೇ ಕಚ್ಚಿತು. ಎರಡನೆಯದು ತುಟಿಗೆ. ನನ್ನ ಹೋರಾಟವು ಕೂಡಲೇ ಅಂಗಳದ ಬೇವಿನ ಮರದಾಚೆಗೆ ಸ್ಥಳಾಂತರಗೊಂಡಿತು.

ಅಲ್ಲಿಂದ ತಲೆಯೆತ್ತಿ ನೋಡಿದರೆ, ಎಲ್ಲರೂ ಪಾರಿವಾಳದ್ದೆಂದುಕೊಂಡಿದ್ದ ಮಾಳಿಗೆಯ ಮೇಲಿನ ಕಲ್ಲಿನ ಗೂಡಿನಿಂದ ಹೊಗೆ ನೆಟ್ಟಗೆ ಆಕಾಶಕ್ಕೆ ಏರುತ್ತಿದೆ!

"ಹೊಗಿ! ಹೊಗಿ ಹೊಂಟೈತಿ!" ಎಂದು ಕೂಗಿದೆ. ಮೂಗು, ತುಟಿ ಬಾತುಕೊಳ್ಳುತ್ತಿದ್ದರೂ ಅಷ್ಟು ಖುಷಿ ನಾನು ಹಿಂದೆಂದೂ ಪಟ್ಟಿದ್ದಿಲ್ಲ.

ಸೋರೆಕಾಯಿಯಂತಾದ ಕಿವಿಯನ್ನು ಹಿಡಿದುಕೊಂಡು ದೇಸಾಯಿಯವರೂ ನೋಡಿದರು.

"ಒಪ್ಪಿದ್ನ್ರೀ ಅಕ್ಕಾರ. ಒಲಿ ಖರೇದು. ಯಾರೂ ಮುಚ್ಚಂಗಿಲ್ಲ." ಸ್ವಲ್ಪ ತಡೆದು, "ಯಾರೂ ಹಚ್ಚಂಗೂ ಇಲ್ಲ!" ಎಂದರು.

ಸಂಜೆಗೆ ಜೇನು ಚದುರಿದ ಮೇಲೆ, ದಾಖಲೆಗೆಂದು ಅವರು ಒಲೆಯ ಫೋಟೋ ತೆಗೆಯಲು ಬಂದರು. ಗೆದ್ದವಳು ನಾನು, ಬಿಡುತ್ತೇನೆಯೆ? ಎದೆಯುಬ್ಬಿಸಿ ಒಲೆಯ ಪಕ್ಕ ನಿಂತೆ.

ಯಜಮಾನರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು.

"ಒಲಿ ಚೊಲೋ ಬಂದೈತಿ. ಬಾಜೂಕ ನಿಂತಾಕಿ ಯಾರು?"

ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ತುಟಿ ಸಹಕರಿಸಲಿಲ್ಲ!