ಕ್ಲೈವನ ಮೊಣಕಾಲಿಗೆ ಒಂದು ಅರ್ಚನೆ

ಅಣ್ಣ ಬದುಕಿದ್ದ ಕೊನೆಯ ಭಾನುವಾರ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಣ್ಣ ಜಗಲಿಯಲ್ಲಿ ಕೂತು ಆಸ್ಟ್ರೇಲಿಯಾದ ಪತ್ರಮಿತ್ರ ಕ್ಲೈವನ ಕಾಗದವನ್ನು ಓದಿ ಕನ್ನಡದಲ್ಲಿ ಹೇಳಿದ. ಅತ್ತಿಗೆ ಅವರೆಕಾಯಿ ಸುಲಿಯುತ್ತ ಕೇಳಿದರು. ಶನಿವಾರವೇ ಬಂದಿದ್ದ ಕಾಗದ, ಭಾನುವಾರದ ಕಾಫಿಗೆಂದು ಕಾದಿರಿಸಿದ್ದು. ಕ್ಲೈವನಿಗೆ ಮರದ ಮಿಲ್ಲಿನಲ್ಲಿ ಕೆಲಸ, ವಾರಕ್ಕೊಮ್ಮೆ ರಗ್ಬಿ. ಎಂಟು ಜನ ತಲೆ ತಗ್ಗಿಸಿ, ಎದುರಿನ ಎಂಟು ಜನರನ್ನು ಭುಜ ಕೊಟ್ಟು ನೂಕುತ್ತಾರಂತೆ, ನೂಕುವವರಲ್ಲಿ ಇವನೊಬ್ಬ. ಅವನ ಏಳಿಗೆಯನ್ನು ನಾವು ಮೂಳೆಗಳ ಲೆಕ್ಕದಲ್ಲಿ ನೆನಪಿಟ್ಟಿದ್ದೆವು. ಮೂಗು ಮುರಿದ ವರ್ಷ ರಾಜ್ಯದ ತಂಡ ಸೇರಿದ, ಪಕ್ಕೆಲುಬು ಮುರಿದ ವರ್ಷ ದೇಶಕ್ಕಾಗಿ ಆಡಲು ನ್ಯೂಜಿಲೆಂಡಿಗೆ ಹೋದ.

ದೊಡ್ಡ ಪಂದ್ಯವಿದ್ದರೆ ಅಣ್ಣ ಬೀದಿಕೊನೆಯ ಆಂಜನೇಯನಿಗೆ ಅವನ ಹೆಸರಲ್ಲಿ ಅರ್ಚನೆ ಮಾಡಿಸುತ್ತಿದ್ದ. ಕಾಗದ ತಲುಪುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತಿತ್ತು, ಅದು ಬೇರೆ ಮಾತು.

"ಗೋತ್ರ?" ಎಂದರು ಅರ್ಚಕರು ಮೊದಲ ಸಲ.

"ನಮ್ದೇ ಹಾಕ್ಕೊಳ್ಳಿ, ಭಾರದ್ವಾಜ."

"ನಿಮಗೇನಾಗ್ಬೇಕು ಇವ್ರು?"

"ತಮ್ಮ ಅಂತಿಟ್ಕೊಳ್ಳಿ."

ನಿಜವಾದ ತಮ್ಮ ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಇಲಾಖಾ ಪರೀಕ್ಷೆಗೆ ಇಂಥ ಅರ್ಚನೆ ನಡೆದ ನೆನಪಿಲ್ಲ. ನಕ್ಷತ್ರಕ್ಕಾಗಿ ಅಣ್ಣ ಕ್ಲೈವನಿಗೆ ಅವನು ಹುಟ್ಟಿದ ಹೊತ್ತು ಕೇಳಿ ಬರೆದ. ಹಸು ಕರೆಯುವ ಹೊತ್ತಂತೆ ಎಂದು ಉತ್ತರ ಬಂತು. ಅಷ್ಟರ ಮೇಲೆಯೇ ರೋಹಿಣಿ ಎಂದು ತೀರ್ಮಾನವಾಯಿತು.

ಮೊಣಕಾಲು ಕೈಕೊಟ್ಟಿದೆ, ಆಟ ಮುಗಿಯಿತು ಎಂದಿತ್ತು ಆ ಭಾನುವಾರದ ಕಾಗದದಲ್ಲಿ. ಅಣ್ಣ ಸಂಜೆ ಮೊಣಕಾಲಿಗೂ ಅರ್ಚನೆ ಮಾಡಿಸಿದ. ಮರುದಿನ ಆಫೀಸಿನ ಕುರ್ಚಿಯಲ್ಲೇ ಅವನ ಹೃದಯ ನಿಂತಿತು.

ನಾನು ಉತ್ತರ ಬರೆಯದಿದ್ದರೆ ಕ್ಲೈವನೂ ಹೋದಂತೆ, ಅತ್ತಿಗೆಯ ಭಾನುವಾರವೂ ಹೋದಂತೆ. ಆದರೂ ಪೆನ್ನು ಏಳಲಿಲ್ಲ.

"ಬರೆದ್ಯೇನಪ್ಪಾ?" ಅತ್ತಿಗೆ ವಾರವಾರವೂ ಕೇಳುವರು.

"ಬರೀತೀನಿ ಅತ್ತಿಗೆ. ಇಂಗ್ಲಿಷು ಸರಿಯಾಗಬೇಕಲ್ಲ."

"ತಪ್ಪಾದ್ರೆ ಏನು, ನಿನ್ನ ಮೂಗೂ ಮುರಿದೋಗತ್ತಾ?"

ಮೂರನೆಯ ತಿಂಗಳು ನಾಲ್ಕು ಸಾಲು ಬರೆದೆ. ತಿಂಗಳೊಳಗೆ ಉತ್ತರ ಬಂತು. ಅವನ ಹಳೆಯ ಕ್ಲಬ್ಬಿನಲ್ಲಿ ಪಂದ್ಯಕ್ಕೆ ಮುಂಚೆ ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತರಂತೆ. ಶ್ರೀಕಂಠಯ್ಯ ಎಂಬ ಅಣ್ಣನ ಹೆಸರು ಮೈಕಿನವನಿಗೆ ಮೂರನೆಯ ಸಲಕ್ಕೆ ದಕ್ಕಿತಂತೆ. ಅತ್ತಿಗೆ ನಕ್ಕರು; ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

ಈಗ ಕಾಗದ ಓದುವವನು ನಾನೇ. ಕಳೆದ ವಾರ ಅತ್ತಿಗೆ, "ಅಲ್ಲಾ, ಅವರು ಹಾಗೆ ನೂಕಾಡ್ತಿರೋವಾಗ ಚೆಂಡು ಎಲ್ಲಿರತ್ತೆ?" ಎಂದು ಕೇಳಿದರು. ಏಳು ವರ್ಷ ಎಲ್ಲ ತಿಳಿದವನಂತೆ ತಲೆಯಾಡಿಸಿದ್ದ ನನಗೆ ಅದು ಗೊತ್ತಿರಲಿಲ್ಲ. ಕೇಳಿ ಹೇಳ್ತೀನಿ ಎಂದುಬಿಟ್ಟೆ.

ಕ್ಲೈವನಿಗೆ ಬರೆದರೆ ಉತ್ತರಕ್ಕೆ ತಿಂಗಳು ಕಾಯಬೇಕು; ಈಗಲೇ ಕೇಳೋಣವೆಂದರೆ ಅಣ್ಣ ಇಲ್ಲ.