ಶನಿವಾರದ ಕೋಡುಬಳೆ

ಈ ಕಥೆಯನ್ನು ಅಮೆರಿಕದ ನಮ್ಮ ಸೆಂಟರ್‌ವಿಲ್‌ನ ಯಾವ ಮನೆಯ ಊಟದಲ್ಲೂ ನಾನು ಹೇಳದೆ ಬಿಟ್ಟಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳುವುದನ್ನು ಮಾತ್ರ ಏಳೆಂಟು ವರ್ಷಗಳಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಇವತ್ತು ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಒಂದು ಮಾತು: ಮಂಗಕ್ಕೆ ಕೋಡುಬಳೆ ಕೊಟ್ಟಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಅವತ್ತು ಶನಿವಾರ, ಆಂಜನೇಯನ ವಾರ. ಎದುರಿಗೆ ಬಂದು ಕೂತ ಮಂಗವನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಆಫ್ರಿಕಾದ ಬಬೂನಿಗೂ ಆಂಜನೇಯನಿಗೂ ಏನು ಸಂಬಂಧ ಎನ್ನುವವರು, ಸಮುದ್ರ ಹಾರಿದ್ದು ಯಾರು ಎಂದು ಸ್ವಲ್ಪ ನೆನಪು ಮಾಡಿಕೊಳ್ಳಲಿ.

ಪಕ್ಕದ ಊರು ರೆಸ್ಟನ್ನಿನ ಒಂದು ಆಫೀಸಿನಲ್ಲಿ ಟಪಾಲು ವಿಂಗಡಿಸುತ್ತಿದ್ದವರು ನಾವಿಬ್ಬರು, ನಾನು ಮತ್ತು ಮೈಸೂರಿನ ಮಂಡಿ ಮೊಹಲ್ಲಾದ ನನ್ನ ಗೆಳೆಯರು. ಹೈಸ್ಕೂಲಿಗೇ ಓದು ನಿಲ್ಲಿಸಿದ ನನಗೆ ವಿಳಾಸ ಓದಲು ಬಂದರೆ ಸಾಕಿತ್ತು. ಟಾಂಜಾನಿಯಾದಲ್ಲಿದ್ದ ಅವರ ಅಕ್ಕ ಕರೆದರು, ಜೊತೆಗೆ ನಾನೂ ಹೊರಟೆ. ಅಲ್ಲೇ ಹತ್ತಿರದಲ್ಲಿ ಒಂದು ಪುಟ್ಟ ರಾಷ್ಟ್ರೀಯ ಉದ್ಯಾನ. ಸಿಂಹವಿಲ್ಲವೆಂದು ಕೇಳಿ ನನಗೆ ಸಮಾಧಾನ. ಗೆಳೆಯರಿಗೆ ಬೇಕಾಗಿದ್ದದ್ದು ಅಲ್ಲಿನ ಕೆರೆ. ಫ್ಲೆಮಿಂಗೋ ಹಕ್ಕಿಗಳು ಇಳಿದರೆ ಕೆರೆಗೆ ಕೆರೆಯೇ ಗುಲಾಬಿ ಬಣ್ಣವಾಗುತ್ತದಂತೆ. ಆ ಚಿತ್ರವನ್ನು ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ, ಟಪಾಲು ಕೋಣೆಯ ಗೋಡೆಗೆ ಅಂಟಿಸಿಕೊಂಡು ನಾಲ್ಕು ವರ್ಷ ನೋಡಿದ್ದರು. ನಮಗಿದ್ದದ್ದು ಒಂದೇ ದಿನ; ಮರುದಿನ ವಿಮಾನ.

ಪ್ರಾಣಿಗಳಿಗೆ ತಿಂಡಿ ಕೊಟ್ಟವರನ್ನು ಹೊರಗೆ ಕಳಿಸುತ್ತೇವೆ ಎಂದು ಗೇಟಿನಲ್ಲೇ ಹೇಳಿದ್ದರು. "ರಾಯರೇ, ನಿಮ್ಮ ಕೈ ಸುಮ್ನಿರಲ್ಲ. ಕೋಡುಬಳೆ ಡಬ್ಬಿ ನನ್ನ ಹತ್ರ ಇರ್ಲಿ," ಎಂದು ಗೆಳೆಯರು ಅದನ್ನು ತೊಡೆಯ ಮೇಲಿಟ್ಟುಕೊಂಡರು. ಮುಂದೆ ಜಿರಾಫೆಗಳು ದಾರಿಗೆ ಅಡ್ಡ ನಿಂತು ನಮ್ಮ ಜೀಪು ನಿಂತಾಗ, ಪಕ್ಕದ ಮರದಿಂದ ಬಬೂನ್ ಇಳಿಯಿತು.

"ಸಾಹೇಬ್ರೇ, ಒಂದೇ ಒಂದು."

"ಬೇಡ ರಾಯರೇ. ಇದು ನಿಮ್ಮ ದೇವಸ್ಥಾನದ ಮಂಗ ಅಲ್ಲ, ಗೌರ್ಮೆಂಟ್ ಮಂಗ."

ಅವರು ಜಿರಾಫೆಯತ್ತ ಕ್ಯಾಮೆರಾ ತಿರುಗಿಸಿದಾಗ ನಾನು ಡಬ್ಬಿ ತೆರೆದು ಒಂದು ಕೋಡುಬಳೆಯನ್ನು ಕಿಟಕಿಯಾಚೆ ಚಾಚಿದೆ. ಬಬೂನ್ ಒಂದಕ್ಕೆ ತೃಪ್ತಿಪಡುವ ಜಾತಿಯಲ್ಲ. ಒಳಗೇ ನುಗ್ಗಿ, ಗೆಳೆಯರ ಮೈಮೇಲೆಲ್ಲ ಪುಡಿ ಚೆಲ್ಲಿ, ಡಬ್ಬಿಯನ್ನೇ ಎತ್ತಿಕೊಂಡು ಹೋಯಿತು. ಹಿಂದಿನ ಜೀಪಿನಿಂದ ಇಳಿದು ಬಂದ ಕಾವಲಿನವನು, "ಕೊಟ್ಟಿದ್ದು ಯಾರು?" ಎಂದ. ಗೆಳೆಯರು ನನ್ನ ಮುಖ ನೋಡಿದರು. ನಾನು ಬೆಟ್ಟ ನೋಡಿದೆ. ಚೆಂದದ ಬೆಟ್ಟ, ತುದಿಯಲ್ಲಿ ಮೋಡ. ಕಾವಲಿನವನು ಅವರ ಅಂಗಿಯ ಮೇಲಿನ ಪುಡಿ ನೋಡಿ ತೀರ್ಮಾನಿಸಿದ. ಅವರು ಮರುಮಾತಾಡದೆ ಇಳಿದರು. "ಕೆರೆ ನೋಡ್ಕೊಂಡು ಬನ್ನಿ. ಹೆಂಗಿತ್ತು ಅಂತ ಹೇಳಿ," ಎಂದರು.

ಕೆರೆ ನಿಜವಾಗಿಯೂ ಗುಲಾಬಿ ಬಣ್ಣಕ್ಕಿತ್ತು. ಅವರು ಮಧ್ಯಾಹ್ನವೆಲ್ಲ ಗೇಟಿನ ಬೆಂಚಿನ ಮೇಲೆ ಕೂತಿದ್ದರು. ಇಬ್ಬರೂ ಹೊರಗೆ ಕೂತು ಮಾಡುವುದೇನು, ಒಬ್ಬನಾದರೂ ನೋಡಲಿ ಎಂದು ಆಗ ವಾದ ಹೂಡಿಕೊಂಡೆ. ವಾದ ಈಗಲೂ ಅಷ್ಟೇನೂ ಕೆಟ್ಟದ್ದಲ್ಲ. ಕೆಟ್ಟದ್ದು ಆಮೇಲಿನದು. 'ಮಂಗಕ್ಕೆ ಕೋಡುಬಳೆ ಕೊಟ್ಟು ನಮ್ಮ ಸಾಹೇಬರು ಕಾಡಿನಿಂದ ಗಡೀಪಾರಾದರು' ಎಂದು ವರ್ಷಗಟ್ಟಲೆ ಹೇಳಿ ನಗಿಸಿದೆ. ಮಕ್ಕಳು, "ಅಂಕಲ್, ಮಂಕಿ ಸ್ಟೋರಿ ಹೇಳಿ," ಎಂದು ದುಂಬಾಲು ಬೀಳುತ್ತಿದ್ದವು. ಗೆಳೆಯರೂ ಅಲ್ಲೇ ತಟ್ಟೆ ಹಿಡಿದು ಕೂತು ನಗುತ್ತಿದ್ದರು. ಒಮ್ಮೆ ಮಾತ್ರ, ನಾನು ಅವರನ್ನು ಮನೆಗೆ ಬಿಡುವಾಗ ಕಾರಿನಲ್ಲಿ, "ರಾಯರೇ, ಕಥೆ ಚೆನ್ನಾಗಿ ಹೇಳ್ತೀರಿ. ಒಂದ್ಸಲ ನಿಮ್ಮ ಕೈಯಿಂದಲೇ ಕೊಡಿಸಿ ನೋಡಿ," ಎಂದರು. ನಾನು ರೇಡಿಯೋ ಜೋರು ಮಾಡಿದೆ.

ಈಗ ಅವರು ಅಟ್ಲಾಂಟಾದಲ್ಲಿ ಮಗಳ ಮನೆಯಲ್ಲಿದ್ದಾರೆ. ನಂಬರು ನನಗೆ ಬಾಯಿಪಾಠ. ಆದರೂ ನೋಡಿ, ಅವರಿಗೆ ಫೋನ್ ಮಾಡುವುದು ಬಿಟ್ಟು ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಅವರ ಹೆಸರು ಅಬ್ದುಲ್ ವಾಹಿದ್.