ಮಗಳನ್ನು ನವೋದಯಕ್ಕೆ ಸೇರಿಸಿದ ನನ್ನ ಬೋಧನಾಕ್ರಮ

ಹರಿಹರದ ಯೋಗರಾಜ ಮೇಷ್ಟ್ರ ಮೇಲೆ ನನಗೆ ವಿಪರೀತ ಸಿಟ್ಟಿದೆ. ನನ್ನ ಮಗಳನ್ನು ಅವರು ಪಾಸು ಮಾಡಿಸಿಬಿಟ್ಟರು. ಫೇಲಾಗಿದ್ದರೆ ಎರಡು ದಿನ ಅತ್ತು, ಮೇಷ್ಟ್ರನ್ನು ಬಾಯಿಗೆ ಬಂದಂತೆ ಬೈದು, ಮತ್ತೆ ಮಾಮೂಲಿನಂತೆ ಇರುತ್ತಿದ್ದೆವು. ಪಾಸಾದದ್ದಕ್ಕೆ ಯಾರನ್ನು ಬೈಯುವುದು, ಯಾರ ಮುಂದೆ ಅಳುವುದು?

ಮಂಡಿಪೇಟೆಯಲ್ಲಿ ನನ್ನದು ಬೆಲ್ಲದ ಸಗಟು ವ್ಯಾಪಾರ. ನಮಗಿರುವುದು ಒಬ್ಬಳೇ ಮಗಳು, ನಯನಾ. ಅವಳು ಐದನೆಯ ತರಗತಿಗೆ ಬರುವ ಹೊತ್ತಿಗೆ ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿ, ಊರಿನವರೆಲ್ಲ ತಮಗೇ ಬಡ್ತಿ ಸಿಕ್ಕಂತೆ ಓಡಾಡುತ್ತಿದ್ದರು. ಎದುರಂಗಡಿಯ ಕೊಟ್ಟೂರಪ್ಪನಿಗೆ ಇನ್ನೊಂದು ಬಡ್ತಿಯೂ ಸಿಕ್ಕಿತ್ತು. ಅವನ ಮಗ ನವೋದಯ ಶಾಲೆಗೆ ಆಯ್ಕೆಯಾಗಿದ್ದ. ಆರನೆಯ ತರಗತಿಯಿಂದ ಅಲ್ಲೇ ಊಟ, ಅಲ್ಲೇ ವಾಸ, ಅಲ್ಲೇ ಪಾಠ. ಆದರೆ ಪ್ರವೇಶ ಪರೀಕ್ಷೆಗೆ ಕೂತವರಲ್ಲಿ ಬೆರಳೆಣಿಕೆಯ ಮಕ್ಕಳಿಗಷ್ಟೇ ಸೀಟು, ಅದರಲ್ಲೂ ಪೇಟೆಯ ಮಕ್ಕಳಿಗೆ ಇನ್ನೂ ಕಡಿಮೆ. ಅಂದಿನಿಂದ ಕೊಟ್ಟೂರಪ್ಪ ತಕ್ಕಡಿ ಹಿಡಿದಾಗಲೂ ತಲೆ ಎತ್ತಿಕೊಂಡೇ ತೂಗುತ್ತಿದ್ದ. ನನಗದನ್ನು ಸಹಿಸಲಾಗಲಿಲ್ಲ. ನಯನಾಳನ್ನೂ ಅಲ್ಲಿಗೇ ಸೇರಿಸುವುದೆಂದು ತೀರ್ಮಾನಿಸಿದೆ.

ಹೆಂಡತಿ ಉಮಾಮಹೇಶ್ವರಿಗೆ ಇದು ಒಂಚೂರೂ ಹಿಡಿಸಲಿಲ್ಲ. ಹತ್ತು ವರ್ಷದ ಕೂಸನ್ನು ಹಾಸ್ಟೆಲ್ಲಿಗೆ ಹಾಕಲು ಇವಳೇನು ಮನೆಗೆ ಹೆಚ್ಚಾಗಿದ್ದಾಳೆಯೇ ಎಂದು ಕೇಳಿದಳು. ನಾನು ದೇಶದ ಭವಿಷ್ಯ, ಸ್ತ್ರೀ ಶಿಕ್ಷಣ ಮುಂತಾದ ಭಾರಿ ವಿಷಯಗಳನ್ನು ಎತ್ತಿದೆ. ಅವಳು ತಿರುಗಿ ರೊಟ್ಟಿ ಬಡಿಯಲು ಕೂತಳು. ನಮ್ಮ ಮನೆಯಲ್ಲಿ ನಾನು ಗೆದ್ದ ವಾದ ಅದೊಂದೇ. ಅದನ್ನೂ ಸೋತಿದ್ದರೆ ಚೆನ್ನಾಗಿತ್ತು.

ಹರಿಹರದ ಯೋಗರಾಜ ಮೇಷ್ಟ್ರ ಬಳಿ ಟ್ಯೂಷನ್ ಮಾಡಿಸಿದರೆ ಸೀಟು ಖಾತ್ರಿ ಎಂಬ ಮಾತಿತ್ತು. ಮೂವರೂ ಬಸ್ಸು ಹತ್ತಿ ಹೋದೆವು. ಮೇಷ್ಟ್ರು ಎಲ್ಲರನ್ನೂ ಸೇರಿಸಿಕೊಳ್ಳುವುದಿಲ್ಲ, ಮೊದಲು ಪರೀಕ್ಷೆ ಮಾಡುತ್ತಾರೆ ಎಂದು ಕೇಳಿದ್ದರಿಂದ ದಾರಿಯುದ್ದಕ್ಕೂ ನಯನಾಳಿಂದ ಮಗ್ಗಿ ಹೇಳಿಸಿದೆ. ಆದರೆ ಮೇಷ್ಟ್ರು ಹುಡುಗಿಯನ್ನು ಏನೂ ಕೇಳಲಿಲ್ಲ. ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಿಟ್ಟು ಬರ್ತೈತೇನ್ರಿ ನಿಮಗೆ?"

ನಾನು ಉತ್ತರ ಯೋಚಿಸುವಷ್ಟರಲ್ಲಿ ಉಮಾ ಹೇಳಿದಳು: "ಬಂದ್ರೆ ಇಳಿಯಂಗಿಲ್ಲ ಮೇಷ್ಟ್ರೆ."

ಮೇಷ್ಟ್ರ ಮುಖ ಅರಳಿತು. ಟ್ಯೂಷನ್ನಿಗೆ ಸೀಟು ಕೊಟ್ಟೆ ಎಂದರು. ಕರಾರು ಇಷ್ಟೇ: ಅವರ ಪಾಠ ಭಾನುವಾರ ಮಾತ್ರ, ಉಳಿದ ದಿನ ಬೆಳಗ್ಗೆ ಸಂಜೆ ನಾನೇ ಹೇಳಿಕೊಡಬೇಕು, ತಾಯಿ ನಡುವೆ ಬಾಯಿ ಹಾಕಬಾರದು. ನನ್ನ ಎದೆ ಉಬ್ಬಿತು. (ಎಸ್ಸೆಸ್ಸೆಲ್ಸಿಯ ಗಣಿತವನ್ನು ನಾನು ಮೂರನೆಯ ದಂಡಯಾತ್ರೆಯಲ್ಲಿ ಗೆದ್ದವನು. ಈ ಚರಿತ್ರೆ ಮಗಳಿಗೆ ತಿಳಿಯದು.)

ಮರುದಿನದಿಂದ ನಮ್ಮ ಮನೆಯಲ್ಲಿ ಸಾವಾದ ಕಳೆ. ಟೀವಿಗೆ ಹಳೆಯ ಪಂಚೆ ಹೊದಿಸಿದೆ. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ನಿಷೇಧ, ಹೊಟ್ಟೆ ಕೆಟ್ಟರೆ ಒಂದು ಪಾಠ ಹಿಂದೆ ಬೀಳುತ್ತದೆ. ನೆಂಟರಿಗೆ ಈ ವರ್ಷ ಬರಬೇಡಿ ಎಂದು ಹೇಳಿ ಕಳುಹಿಸಿದೆ. ಊಟಕ್ಕೆ ಕೂತಾಗ ರೊಟ್ಟಿಯನ್ನು ಎಂಟು ಭಾಗ ಮಾಡಿ, ಮೂರು ತಿಂದರೆ ಉಳಿದದ್ದರ ಅರ್ಧ ಎಷ್ಟು ಎಂದು ಕೇಳುತ್ತಿದ್ದೆ. ಹುಡುಗಿ ಉತ್ತರ ಹೇಳುವಷ್ಟರಲ್ಲಿ ರೊಟ್ಟಿ ಆರಿ ಕೊರಡಾಗಿರುತ್ತಿತ್ತು. ತಪ್ಪಿದರೆ ನಾನು ಕೂಗುವ ಕೂಗಿಗೆ ಪಕ್ಕದ ಮನೆಯ ಹಂಪವ್ವ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ಪರೀಕ್ಷೆಯಲ್ಲಿ ಚಿತ್ರಗಳ ಭಾಗವೊಂದಿತ್ತು, ಗುಂಪಿಗೆ ಸೇರದ್ದನ್ನು ಗುರುತಿಸುವುದು. ಅದನ್ನು ಕಲಿಸಿ ಕಲಿಸಿ ನನಗೆ ಎಲ್ಲಿ ನೋಡಿದರೂ ಗುಂಪಿಗೆ ಸೇರದ್ದೇ ಕಾಣತೊಡಗಿತು. ಗೋಡೆಯ ಮೇಲಿನ ಮದುವೆಯ ಫೋಟೋದಲ್ಲಿ, ಉಮಾಳ ತವರಿನವರ ನಡುವೆ, ಅದು ನಾನೇ ಆಗಿದ್ದೆ.

ಮೊದಲೆಲ್ಲ ನಯನಾ ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಯಾರು ಯಾರ ಜಡೆ ಎಳೆದರು ಎಂಬ ವರದಿ ಒಪ್ಪಿಸುತ್ತಿದ್ದಳು. ಈಗ ನೇರವಾಗಿ ಮನೆಗೆ ಹೋಗಿ ಪುಸ್ತಕ ಹಿಡಿಯುತ್ತಿದ್ದಳು. ಮಾತು ಕಡಿಮೆಯಾಯಿತು. ನನ್ನ ಸ್ಕೂಟರಿನ ಸದ್ದು ಕೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು. ಇದನ್ನು ನಾನು ಏಕಾಗ್ರತೆ ಎಂದು ತಿಳಿದೆ. ನಾನು ಏಳಿಸುವ ಮೊದಲೇ ತಾನಾಗಿ ಎದ್ದು ಓದಲು ಶುರು ಮಾಡಿದಾಗ, ನನ್ನ ಬೋಧನಾಕ್ರಮ ಫಲ ಕೊಡುತ್ತಿದೆ ಎಂದು ಕೊಟ್ಟೂರಪ್ಪನಿಗೆ ಕೇಳಿಸುವಂತೆ ಗಿರಾಕಿಗಳಿಗೆ ಹೇಳಿದೆ.

ನಯನಾ ಆಯ್ಕೆಯಾದಳು. ಮಂಡಿಪೇಟೆಯ ಒಂದು ಅಂಗಡಿಯನ್ನೂ ಬಿಡದೆ ಪೇಡ ಹಂಚಿದೆ. ಮಾರನೆಯ ದಿನ ಶಾಲು, ಹಾರ, ಹಣ್ಣು ಹಿಡಿದು ಹರಿಹರಕ್ಕೆ ಹೋದೆ. ಮೇಷ್ಟ್ರಿಗೆ ಶಾಲು ಹೊದಿಸಿ, ಅವರು ನನಗೂ ಒಂದು ಒಳ್ಳೆಯ ಮಾತು ಹೇಳಲಿ ಎಂದು ಕಾದೆ. ಅವರು ಬಾಳೆಹಣ್ಣು ಸುಲಿಯುತ್ತ ಕೂತರು. ಕೊನೆಗೆ ನಾನೇ ನಾಚಿಕೆ ಬಿಟ್ಟು, ನನ್ನ ಪಾಠದಲ್ಲಿ ವಿಶೇಷ ಏನಿತ್ತು ಎಂದು ಕೇಳಿದೆ.

"ನೀವು ಹೇಳ್ಕೊಟ್ಟ ಲೆಕ್ಕ ಅರ್ಧಕ್ಕರ್ಧ ತಪ್ಪಿದ್ವು ಸಾವ್ಕಾರ್ರೆ. ಭಾನುವಾರ ಅವನ್ನ ತಿದ್ದೋದೇ ನನಗೆ ಕೆಲಸ ಆಗಿತ್ತು."

ಹಾಗಾದರೆ ನನಗೇಕೆ ಒಪ್ಪಿಸಿದಿರಿ ಎಂದೆ. ಮೇಷ್ಟ್ರು ಏನೂ ಮುಚ್ಚುಮರೆಯಿಲ್ಲದೆ, ಕಾಯಿಲೆ ವಿವರಿಸುವ ಡಾಕ್ಟರಂತೆ ಹೇಳಿದರು.

"ಹತ್ತು ವರ್ಷದ ಮಕ್ಕಳಿಗೆ ಮನೆ ಬಿಟ್ಟು ಹೋಗಾಕೆ ಮನಸ್ಸಿರಲ್ರಿ. ಎಷ್ಟು ಶಾಣ್ಯಾ ಇದ್ರೂ ಬೇಕಂತ ತಪ್ಪು ಬರ್ದು ಬಂದ್ಬಿಡ್ತಾವೆ. ಯಾವಾಗ ಮನೆ ಬಿಟ್ಟೇನು ಅಂತ ಅನ್ನಿಸ್ಬೇಕಂದ್ರೆ ಮನೆಯಾಗೆ ಅಂಥೋರು ಒಬ್ರು ಬೇಕು. ನಿಮ್ಮನ್ನ ನಾನು ಅವತ್ತೇ ಗುರ್ತು ಹಿಡಿದೆ."

ಇಷ್ಟು ವರ್ಷದಲ್ಲಿ ನನ್ನಷ್ಟು ಚೆನ್ನಾಗಿ ಕೆಲಸ ಮಾಡಿದ ಅಪ್ಪ ಇನ್ನೊಬ್ಬನಿಲ್ಲ ಎಂದೂ ಹೇಳಿದರು. ನಾನು ಬಯಸಿದ ಒಳ್ಳೆಯ ಮಾತು ಅಂತೂ ಸಿಕ್ಕಿತು. ಮನೆಗೆ ಬಂದು ಟೀವಿಯ ಮೇಲಿನ ಪಂಚೆ ತೆಗೆದು, ನೋಡು ಮಗಳೇ ಎಂದೆ. ನಯನಾ ಆಗಲೇ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಶಾಲೆ ತೆರೆಯಲು ಇನ್ನೂ ಎಷ್ಟೋ ದಿನವಿತ್ತು.

ಬಿಡಲು ಹೋದ ದಿನ ಹಾಸ್ಟೆಲ್ಲಿನ ಮುಂದೆ ಮಕ್ಕಳೆಲ್ಲ ತಾಯಂದಿರ ಸೆರಗು ಹಿಡಿದು ಗೋಳೋ ಎಂದು ಅಳುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಯಿತು. ನಮ್ಮವಳು ಅವ್ವನನ್ನು ತಬ್ಬಿಕೊಂಡು ಒಂದಿಷ್ಟು ಕಣ್ಣೀರು ಹಾಕಿದಳು, ನನ್ನ ಕಾಲು ಮುಟ್ಟಿದಳು, ಟ್ರಂಕು ಎತ್ತಿಕೊಂಡಳು. ತಿಂಗಳಿಗೊಮ್ಮೆ ಭಾನುವಾರ ನೋಡಲು ಬಿಡುತ್ತಾರಂತೆ, ಬರಲೇ ಎಂದು ಕೇಳಿದೆ. ಅಪ್ಪನಾದವನು ಅಪ್ಪಣೆ ಕೇಳಬೇಕಾಗಿ ಬಂತು.

ಅವಳು ಟ್ರಂಕು ಕೆಳಗಿಟ್ಟಳು. "ಬರ್ರಿ ಅಪ್ಪಾಜಿ. ಲೆಕ್ಕ ಮಾತ್ರ ಕೇಳಬ್ಯಾಡ್ರಿ."

ವಾಪಸು ಬರುವ ಬಸ್ಸಿನಲ್ಲಿ, ಲೆಕ್ಕ ಬಿಟ್ಟರೆ ಅವಳ ಹತ್ತಿರ ಏನು ಮಾತಾಡಬಹುದು ಎಂದು ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ಸಂಜೆಯಾದರೆ ಮನೆಯಲ್ಲಿ ಇನ್ನು ಯಾರನ್ನು ಕೂರಿಸಿಕೊಂಡು ಲೆಕ್ಕ ಕೇಳಲಿ ಎನ್ನುತ್ತ ಪಕ್ಕದಲ್ಲಿದ್ದ ಉಮಾಳ ಕಡೆ ತಿರುಗಿದೆ. ಅವಳು ಕಣ್ಣೊರೆಸಿಕೊಂಡು ಕಿಟಕಿಯ ಕಡೆಗೆ ಸರಿದು ಕೂತಳು.

"ನನ್ನ ಕಡೆ ನೋಡಬ್ಯಾಡ್ರಿ," ಎಂದಳು. "ಈ ವಯಸ್ಸಿನಾಗೆ ನನಗೆ ಯಾವ ಹಾಸ್ಟೆಲ್ನೋರೂ ಸೀಟು ಕೊಡಂಗಿಲ್ಲ."